ಬಸ್ಸಿನಲ್ಲಿ ಹೊರಬಿದ್ದ ಗಂಟಿನ ಸುದ್ದಿ

ಬೆಳಿಗ್ಗೆ ಹತ್ತೂಕಾಲಿಗೆ ನಮ್ಮತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟಾಗಿದೆ ಎಂದರು. ಕುಪ್ಪಸದೊಳಗೆ ಇಟ್ಟುಕೊಳ್ಳುವ ಎಲೆ-ಅಡಿಕೆ ಚಂಚಿ ಒತ್ತಿ ಹಾಗಾಗಿದೆ ಎಂದು ತಾವೇ ತೀರ್ಮಾನಿಸಿ, ತಿಂಗಳ ಹಿಂದೆಯೇ ಚಂಚಿಯನ್ನು ಬಲಕ್ಕೆ ವರ್ಗ ಮಾಡಿದ್ದರಂತೆ! ಬಿ.ಎಸ್ಸಿ. ಓದಿದ ನಾನು ಒಲೆ ಆರಿಸಿ, ಆಗಲೇ ಅವರನ್ನು ದವಾಖಾನೆಗೆ ಹೊರಡಿಸಿದೆ.

ರೋಣದಲ್ಲಿ ಗದಗಿನ ಬಸ್ಸು ಹತ್ತಿದೆವು. "ಯಾರ ಮುಂದೂ ಹೇಳಬ್ಯಾಡ್ರಿ" ಎಂದು ನಾನು ಪಿಸುಗುಟ್ಟಿದ್ದೇ ತಪ್ಪಾಯಿತು. "ಯಾಕಬೇ, ನಾ ಏನರ ಕಳವು ಮಾಡೇನೇನ?" ಎಂದ ಅತ್ತೆ, ಬಸ್ಸಿಗೆಲ್ಲ ಕೇಳುವಂತೆ ಗಂಟಿನ ಸುದ್ದಿ ಬಿಚ್ಚಿದರು. "ಯಕ್ಕಾ, ನನ್ನ ಚಂಚೀನೂ ಎಡಕ್ಕೇ ಐತಲ್ಲ!" ಎಂದು ಹಿಂದಿನ ಸೀಟಿನಾಕೆ ಕೂಗಿದಳು. ಚಂಚಿಯಿಂದ ಏನೂ ಆಗದು, ಆದರೆ ಗಂಟು ಕೈಗೆ ಹತ್ತಿದರೆ ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಬೇಕು ಎಂದು ನಾನೇ ಎದ್ದುನಿಂತು ಹೇಳಬೇಕಾಯಿತು. ಬಸ್ಸಿನ ಹೆಂಗಸರೆಲ್ಲರ ಕೈಯೂ ಒಮ್ಮೆಲೇ ಸೆರಗಿನೊಳಗೆ ಹೋಯಿತು.

ಅಷ್ಟರಲ್ಲಿ ಬಂದ ಕಂಡಕ್ಟರ್ ಕಂಗಾಲಾದ. "ಹೆಣ್ಮಕ್ಕಳಿಗೆ ಫ್ರೀ ಐತ್ರೆವಾ, ರೊಕ್ಕ ಯಾಕ ಹುಡುಕಾಕತ್ತೀರಿ?"

ನಗು ಗದಗಿನವರೆಗೂ ನಿಲ್ಲಲಿಲ್ಲ. ದವಾಖಾನೆಯಲ್ಲಿ ನಿಂತಿತು. ಅದು ಕ್ಯಾನ್ಸರೇ ಆಗಿತ್ತು, ಆದರೆ ಹರಡಿರಲಿಲ್ಲ. ಆಪರೇಷನ್ ಆಯಿತು.

ಅಂದಿನಿಂದ ರಾತ್ರಿ ಎದ್ದೆದ್ದು ಅತ್ತೆಯ ಉಸಿರು ನೋಡುವುದೇ ನನ್ನ ಕೆಲಸವಾಗಿತ್ತು. ಚಿಕಿತ್ಸೆಯೆಲ್ಲ ಮುಗಿದು, ಇನ್ನು ಭಯವಿಲ್ಲ ಎಂದು ಡಾಕ್ಟರು ಹೇಳಿದ ಸೋಮವಾರ ರಾತ್ರಿ ಅತ್ತೆ ಬೆಳಗಿನವರೆಗೂ ಗೊರಕೆ ಹೊಡೆದರಂತೆ. ಮನೆಮಂದಿಗೆಲ್ಲ ನಿದ್ದೆ ಕೆಟ್ಟಿತಂತೆ. ನನಗೆ ಮಾತ್ರ ಕೇಳಿಸಲೇ ಇಲ್ಲ.