ಗಂಟಲಕ್ಕನ ಡೇರೆ

ಡೇರೆ ಹೊಲಿಯುವ ಕಾರ್ಖಾನೆಯಲ್ಲಿ ಯಂತ್ರಗಳ ಸದ್ದನ್ನೂ ಮೀರಿ ಕೇಳುತ್ತಿದ್ದುದು ಒಂದೇ ದನಿ. ಅದಕ್ಕೇ ಅವಳಿಗೆ ಗಂಟಲಕ್ಕ ಎಂಬ ಹೆಸರು. ಮದುವೆಯಾದ ಹೊಸದರಲ್ಲಿ ಗಂಡ, "ಸ್ವಲ್ಪ ಮೆಲ್ಲಗೆ ಮಾತಾಡೇ" ಎಂದು ಗೋಗರೆದು ಸೋತು, ಕೊನೆಗೆ ತಾನೇ ಮಾತು ಕಡಿಮೆ ಮಾಡಿದ್ದ.

ಗಡಿಯಲ್ಲಿ ಯುದ್ಧ ಶುರುವಾದಾಗ ಅವಳ ತಮ್ಮ ಸೇನೆಯಲ್ಲಿದ್ದ. ರಜೆಗೆ ಬಂದವನು ಊಟದ ನಡುವೆ, "ಅಕ್ಕಾ, ನೀವು ಹೊಲಿದ ಡೇರೆಗಿಂತ ಮರದ ಕೆಳಗೆ ಮಲಗೋದೇ ವಾಸಿ. ಅಷ್ಟು ಸೋರತ್ತೆ" ಎಂದ. ಬಟ್ಟೆ ತೆಳುವಾಗಿದೆ ಎಂದು ಅವಳು ಹಿಂದೊಮ್ಮೆ ಹೇಳಿದ್ದಳು. ಮಾಲೀಕ, "ಸರ್ಕಾರವೇ ಒಪ್ಪಿದೆ, ನಿನಗೇನು?" ಎಂದು ಬಾಯಿ ಮುಚ್ಚಿಸಿದ್ದ.

ಅದೇ ವಾರ ಸಂಸದರು ಕಾರ್ಖಾನೆಗೆ ಬಂದರು. ಯುದ್ಧಕ್ಕೆ ಹೆಚ್ಚು ತೆರಿಗೆ ಬೇಕು, ರಜೆಯ ದಿನವೂ ದುಡಿಯಬೇಕು ಎಂದು ಕೈಮುಗಿದರು.

"ಆಗ್ಲಿ ಸ್ವಾಮಿ. ಮೊದಲು ಒಂದ್ನಿಮಿಷ ಈ ಡೇರೆ ಒಳಗೆ ಕೂತ್ಕೊಳಿ," ಎಂದಳು ಗಂಟಲಕ್ಕ.

ಅವರು ನಗುತ್ತಾ ಕೂತರು. ಹೆಂಗಸರು ಮೇಲಿಂದ ಕೊಡಗಟ್ಟಲೆ ನೀರು ಸುರಿದರು. ಹೊರಗೆ ಬಂದಾಗ ಅವರ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಲೀಕನ ಮುಖ ಬಿಳಿಚಿಕೊಂಡಿತು.

"ತಾಯಿ, ವಿರೋಧ ಪಕ್ಷದೋರೂ ನನ್ನನ್ನ ಹೀಗೆ ತೋಯಿಸಿಲ್ಲ," ಎಂದು ಸಂಸದರು ನಕ್ಕೇಬಿಟ್ಟರು.

ನಕ್ಕು ಸುಮ್ಮನಾಗಲಿಲ್ಲ. ಸದನದಲ್ಲಿ ಪ್ರಶ್ನೆ ಎತ್ತಿದರು. ಪತ್ರಿಕೆಗಳು ಬೆನ್ನುಹತ್ತಿದವು, ಮಂತ್ರಿ ತಡಬಡಾಯಿಸಿದರು, ದಪ್ಪ ಬಟ್ಟೆ ಬಂತು. ತೆರಿಗೆಯೂ ಏರಿತು. ಜನ ಗೊಣಗುತ್ತಲೇ ಕೊಟ್ಟರು, ಆದರೆ ಕೊಟ್ಟರು. ರಜೆಯ ದಿನ ಕರೆಯದೆಯೇ ಕೆಲಸಕ್ಕೆ ಬಂದವರಲ್ಲಿ ಗಂಟಲಕ್ಕನ ಅತ್ತೆಯೂ ಇದ್ದಳು. ಕಣ್ಣು ಮಂಜಾಗಿದ್ದರೂ ಕೂತು ಹಗ್ಗ ಹೊಸೆದಳು.

ಯುದ್ಧ ಮುಗಿದು, ತಮ್ಮ ಕುಂಟುತ್ತಾ ನಗುತ್ತಾ ಮನೆ ಸೇರಿದ. ಸೇನೆಯ ಖರ್ಚು ಇಳಿಸುವ ಮಾತು ಸದನಕ್ಕೆ ಬಂದಾಗ ಸಂಸದರು ಮತ್ತೆ ಕಾರ್ಖಾನೆಗೆ ಬಂದರು. "ಇಳಿಸಿದ್ರೆ ನಿಮ್ಮ ಕೆಲಸಕ್ಕೇ ಪೆಟ್ಟು. ಏನಂತೀರಿ?"

"ನಮ್ಮ ಹೊಟ್ಟೆಪಾಡಿಗೆ ಯುದ್ಧ ನಡೀತಾನೇ ಇರ್ಲಿ ಅನ್ನೋಕಾಗತ್ತಾ? ಇಳಿಸಿ," ಎಂದಳು ಗಂಟಲಕ್ಕ. "ಕಾವಲಿಗಿರೋ ಹುಡುಗರ ಡೇರೆಗೆ ಮಾತ್ರ ಕೈ ಹಾಕ್ಬೇಡಿ. ನಮಗೆ ಬೇರೆ ಹೊಲಿಗೆ ಕೊಡಿಸಿ."

ಕೆಲವರು ಅವಳ ಮೇಲೆ ಹರಿಹಾಯ್ದರು. ಸಂಜೆಯವರೆಗೂ ವಾದ ನಡೆದು, ಕೈ ಎತ್ತಿಸಿದಾಗ ಅವಳ ಕಡೆಯೇ ಹೆಚ್ಚಾಯಿತು. ಈಗ ಅಲ್ಲಿ ಹೆಚ್ಚಾಗಿ ಹೊಲಿಯುವುದು ಶಾಲೆ, ಆಸ್ಪತ್ರೆಗಳ ಅಂಗಳಕ್ಕೆ ನೆರಳಿನ ಬಟ್ಟೆ. ಅಂದು ಜಗಳವಾಡಿದವರು, ಸಂಬಳ ಕೊಂಚ ಇಳಿಯಿತೆಂದು ಇಂದಿಗೂ ಅವಳ ಕಾಲೆಳೆಯುತ್ತಾರೆ.

ಮುಂದಿನ ಚುನಾವಣೆಗೆ ಸಂಸದರು ಮನೆಬಾಗಿಲಿಗೇ ಬಂದರು. "ವೋಟು ನನಗೇ ತಾನೆ, ತಾಯಿ?"

"ಈಗಲೇ ಹೇಳಿಬಿಟ್ರೆ ನೀವು ಇನ್ನೊಂದ್ಸಲ ಬರ್ತೀರಾ? ಕೂತ್ಕೊಳಿ, ಕಾಫಿ ತರ್ತೀನಿ," ಎಂದು ಗಂಟಲಕ್ಕ ಒಳಗೆ ಹೋದಳು.