ಪ್ಯಾಂಟಿನವರ ಕುರ್ಚಿ

ಬೆಳಗ್ಗೆ ಬಿಸಿಲಿಗೆ ಹರವಿದ ಕಂಬಳಿಯ ಉಣ್ಣೆ ವಾಸನೆಗೆ ಧರ್ಮಪುರದ ನಮ್ಮ ಪಡಸಾಲೆ ಕಣ್ಮುಂದೆ ಬಂತು.

ಅಲ್ಲಿ ಇದ್ದದ್ದು ಒಂದೇ ಕುರ್ಚಿ. ಪ್ಯಾಂಟು ಹಾಕಿದವರು ಬಂದರೆ ಅಪ್ಪ ಅದನ್ನು ಹೆಗಲ ಟವೆಲಿನಿಂದ ಒರೆಸಿ ಕೊಡುತ್ತಿದ್ದರು. ಪಂಚೆಯವರಿಗೆ ಕಂಬಳಿ. ಬಿಳಿ ದೊರೆಗಳ ಕಾಲದಲ್ಲಿ ತಾತ ಕಲಿತ ಪದ್ಧತಿ ಅದು. ದೊರೆಗಳು ಹೋದರೂ ಅದು ನಮ್ಮ ಮನೆ ಬಿಟ್ಟು ಹೋಗಿರಲಿಲ್ಲ.

ನನ್ನನ್ನು ಹೈಸ್ಕೂಲಿಗೆ ಕಳಿಸಿ ಎಂದು ಕೇಳಲು ಒಂದು ದಿನ ಶಾಲೆಯಿಂದ ಇಬ್ಬರು ಬಂದರು, ಒಬ್ಬರು ಪಂಚೆಯವರು, ಒಬ್ಬರು ಪ್ಯಾಂಟಿನವರು. ಅಪ್ಪ ಪಂಚೆಯವರಿಗೆ ಕಂಬಳಿ ತೋರಿಸಿ, ಪ್ಯಾಂಟಿನವರನ್ನು ಕುರ್ಚಿಯಲ್ಲಿ ಕೂರಿಸಿ, "ಹೆಡ್ ಮಾಸ್ಟ್ರೇ, ಹುಡುಗಿ ಅಷ್ಟು ದೂರ ಹೆಂಗೆ ಹೋಗ್ತಾಳ್ರಿ?" ಎಂದರು.

ಅವರು ಗಾಬರಿಯಿಂದ ಎದ್ದುಬಿಟ್ಟರು. "ನಾನು ಗುಮಾಸ್ತ ಕಣ್ರಿ. ಹೆಡ್ ಮಾಸ್ಟ್ರು ಕಂಬಳಿ ಮೇಲೆ ಕುಂತಾರೆ."

ಅಪ್ಪ ಕುರ್ಚಿ ಎತ್ತಿಕೊಂಡು ಕಂಬಳಿಯತ್ತ ಓಡಿದರು. ಮೇಷ್ಟ್ರು ನಕ್ಕರು. "ಇರ್ಲಿ ಬಿಡ್ರಿ. ದೇವ್ರಿಗೆ ಹಾಸೋದೂ ಇದನ್ನೇ ಅಲ್ವಾ?"

ಒಳಗಿನಿಂದ ಅಜ್ಜಿ ಗದರಿದಳು. "ಲೇ, ದೇವ್ರ ಜಾಗದಾಗೆ ಕುಂತೋರಿಗೆ ಇಲ್ಲ ಅಂತೀಯೇನೋ?"

ಅಪ್ಪ ನನ್ನನ್ನು ಕಳಿಸಲು ಒಪ್ಪಿದರು.

ಇವತ್ತು ಮೊಮ್ಮಗಳನ್ನು ನೋಡಲು ಗಂಡಿನವರು ಬರುತ್ತಾರೆ. ಸೋಫಾ ಸರಿಸಿ ಅದೇ ಕಂಬಳಿ ಹಾಸಿದ್ದೇನೆ. ಸೊಸೆಗೆ ಮುಜುಗರ. "ಅತ್ತೆ, ಹುಡುಗ ಪ್ಯಾಂಟಲ್ಲಿ ಬರ್ತಾನೆ."

"ಬರ್ಲಿ ಬಿಡವ್ವ. ಚಕ್ಕಳಮಕ್ಕಳ ಹಾಕಕೆ ಬರ್ತೈತೋ ಇಲ್ವೋ ನೋಡಾಣ."