ಪಾಸಾದದ್ದು ಮಾತ್ರ ಅಕಸ್ಮಾತ್ತೇ?

“ಈಕಿ ಡಿಗ್ರಿ ಪಾಸಾಗೂದು ಆಗದ ಮಾತು” ಎಂದವರು ನಮ್ಮ ದೊಡ್ಡಪ್ಪ. ಮುಕ್ಕುಂದ ಹಳ್ಳಿಯ ನಮ್ಮ ಮನೆತನದಲ್ಲಿ ನನಗಿಂತ ಮೊದಲು ಯಾರೂ ಕಾಲೇಜು ಕಂಡಿರಲಿಲ್ಲ. ನಾನು ಓದಿದ್ದು ಪ್ರಾಣಿಶಾಸ್ತ್ರ. ಸಿಂಧನೂರಿನ ಬಸ್ಸಿಳಿದು ಬಂದಾಗಲೆಲ್ಲ ದೊಡ್ಡಪ್ಪ ಕಟ್ಟೆಯ ಮೇಲಿಂದಲೇ ಕೇಳುತ್ತಿದ್ದರು: “ಏನವಾ, ಮಂಗ್ಯಾ ಇವತ್ತರ ಮನಷ್ಯಾ ಆತೇನು?”

ಜೀವಿಗಳು ಬದಲಾಗುವುದರಲ್ಲಿ ಆಕಸ್ಮಿಕಕ್ಕೂ ಪಾಲಿದೆ ಎಂದು ನಾನು ವಾದಿಸುತ್ತಿದ್ದೆ. “ಶಿವನ ಅಪ್ಪಣೆ ಇಲ್ದ ಹುಲ್ಲಕಡ್ಡೀನೂ ಅಲ್ಲಾಡೂದಿಲ್ಲ. ಅಕಸ್ಮಾತ್ ಅನ್ನೂದು ಜಗತ್ತಿನ್ಯಾಗ ಇಲ್ಲ” ಎಂದು ಅವರು ಮಾತು ಮುಗಿಸುತ್ತಿದ್ದರು.

ಒಂದು ಪೇಪರನ್ನು ಮೂರು ಸಲ ಬರೆದು ಕೊನೆಗೂ ಪಾಸಾದೆ. ಮೊನ್ನೆ ಸರ್ಟಿಫಿಕೇಟ್ ತಂದವಳು ಮೊದಲು ದೊಡ್ಡಪ್ಪನ ಕೈಗೇ ಕೊಟ್ಟೆ. ಅವರ ಬಾಯಿಂದ ಒಂದು ಶಹಬ್ಬಾಸ್ ಕೇಳುವ ಆಸೆ ಮೂರು ವರ್ಷದಿಂದ ಇತ್ತು. ಅವರು ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, “ಏನೋ ಅಕಸ್ಮಾತ್ ಆಗೈತಿ ಬಿಡವಾ” ಅಂದುಬಿಟ್ಟರು.

“ಅಕಸ್ಮಾತ್ ಹೆಂಗ ಆಕೈತ್ರೀ ದೊಡ್ಡಪ್ಪ? ಗದ್ದ್ಯಾಗ ನಾಟಿ ಹಚ್ಚಿ ಬಂದು ಕುಂತು ಓದೀನಿ!” ಎಂದು ಸಿಡುಕಿದೆ. ಇಬ್ಬರೂ ಪಕ್ಷ ಬದಲಿಸಿದ್ದೇವೆಂದು ಹೊಳೆದದ್ದು ಆಮೇಲೆ. ಅವರಿಗೂ ಹೊಳೆದಿರಬೇಕು, ಸರ್ಟಿಫಿಕೇಟನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದರು.

ಗಂಡನ ಅಣ್ಣನ ಎದುರು ಮಾತಾಡುವ ರೂಢಿ ನಮ್ಮ ಮನೆಯ ಹೆಂಗಸರಿಗಿಲ್ಲ. ಹಾಗಾಗಿ ಅವ್ವ ಬಾಗಿಲ ಮರೆಯಲ್ಲೇ ನಿಂತು, ಅವರಿಗೂ ಕೇಳುವಷ್ಟು ಜೋರಾಗಿ ನನಗೆ ಹೇಳಿದಳು: “ನಿಮ್ಮ ದೊಡ್ಡಪ್ಪಗ ಹೇಳು, ಬೀಜ ಶಿವಾನ ಕೊಟ್ಟಿರಲಿ, ಕಳೆ ತಗದಾಕಿ ಮಾತ್ರ ನನ್ನ ಮಗಳು ಅಂತ.”